ಇನ್ನೊಬ್ಬರ ಮಂಡಿನೋವು

ನಮ್ಮ ಭಾವ ನಾಟಕದಲ್ಲಿ ನಟರು ಎಂದರೆ ಜನ ಮೊದಲು ಕೇಳುತ್ತಿದ್ದುದು, ‘ಯಾವ ನಾಟಕ?’ ಹತ್ತೊಂಬತ್ತು ವರ್ಷಗಳಿಂದ ಒಂದೇ ಸಮನೆ ನಡೆಯುತ್ತಿರುವ ನಾಟಕದ ಹೆಸರು ಹೇಳುತ್ತಿದ್ದೆವು. ಅದನ್ನು ನೋಡದವರು ಊರಲ್ಲಿ ಕಡಿಮೆ. ‘ಅದರಲ್ಲಿ ಯಾವ ಪಾತ್ರ?’ ಎನ್ನುತ್ತಿದ್ದರು. ‘ನ್ಯಾಯಾಧೀಶರ ಪಾತ್ರ’ ಎನ್ನುತ್ತಿದ್ದೆವು. ‘ಅಯ್ಯೋ, ಅದನ್ನ ಮಾಡೋರು ಬೇರೆಯವರಲ್ವಾ?’ ಎಂದು ಹುಬ್ಬೇರಿಸುತ್ತಿದ್ದರು. ‘ಹೌದು. ಅವರಿಗೆ ಆಗದ ದಿನ ನಮ್ಮ ಭಾವ ಮಾಡ್ತಾರೆ’ ಎನ್ನುತ್ತಿದ್ದೆವು. ಅವರಿಗೆ ಆಗದ ದಿನ ಇದುವರೆಗೆ ಎಷ್ಟು ಬಂದಿದೆ ಎಂದು ಮುಂದಕ್ಕೆ ಕೇಳುವಷ್ಟು ಕೆಟ್ಟವರು ಯಾರೂ ಸಿಗಲಿಲ್ಲ. ಸಿಕ್ಕಿದ್ದರೆ ಒಂದೂ ಇಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು.

ನಾನು ಅದೇ ನಾಟಕಶಾಲೆಯಲ್ಲಿ ಪ್ರಾಂಪ್ಟರ್. ರಂಗದ ಎಡಬದಿಯ ಪರದೆಯ ಮರೆಯಲ್ಲಿ ಒಂದು ಸ್ಟೂಲು, ಒಂದು ಪುಟ್ಟ ದೀಪ, ತೊಡೆಯ ಮೇಲೆ ನಾಟಕದ ಪ್ರತಿ. ಯಾರಾದರೂ ಮಾತು ಮರೆತರೆ ಪಿಸುದನಿಯಲ್ಲಿ ಎತ್ತಿಕೊಡುವುದು ನನ್ನ ಕೆಲಸ. ನನ್ನನ್ನು ಅಲ್ಲಿಗೆ ಸೇರಿಸಿದ್ದು ಭಾವನೇ, ಆದ್ದರಿಂದ ಅವರ ಬಗ್ಗೆ ಕೆಟ್ಟದ್ದು ಹೇಳಬಾರದು. ಆದರೆ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ನಾನು, ಹೇಳದೆ ಇರುವುದು ನನ್ನ ಕೈಲಾಗದು.

ನಾಟಕಶಾಲೆಯಲ್ಲಿ ಎಲ್ಲರೂ ಅವರನ್ನು ಸ್ಟೆಪ್ನಿ ಎಂದೇ ಕರೆಯುತ್ತಿದ್ದರು. ಭಾವ ಬೇಸರಪಟ್ಟಿದ್ದನ್ನು ನಾನು ಕಾಣೆ. ‘ಸ್ಟೆಪ್ನಿ ಇಲ್ಲದ ಗಾಡೀಲಿ ದೂರ ಹೋಗೋ ಧೈರ್ಯ ಯಾರಿಗಿದೆಯಮ್ಮ?’ ಎಂದು ನಗುತ್ತಿದ್ದರು. ಮ್ಯಾನೇಜರರ ನಿಯಮವೊಂದಿತ್ತು: ಬದಲಿ ನಟ ಪೂರ್ತಿ ವೇಷ ಹಾಕಿ, ಬಣ್ಣ ಹಚ್ಚಿಕೊಂಡು, ಇಂಟರ್‌ವಲ್ ಗಂಟೆ ಹೊಡೆಯುವವರೆಗೆ ರಂಗದ ಪಕ್ಕದಲ್ಲಿ ನಿಂತಿರಬೇಕು. ಆಮೇಲೆ ಬಣ್ಣ ಒರೆಸಿಕೊಂಡು ಮನೆಗೆ ಹೋಗಬಹುದು. ಭಾವ ಒರೆಸಿಕೊಳ್ಳುತ್ತಿರಲಿಲ್ಲ. ಕರಿಯ ನಿಲುವಂಗಿಯಲ್ಲಿ, ನರೆತ ಹುಬ್ಬು ಅಂಟಿಸಿಕೊಂಡು, ಕೊನೆಯ ಪರದೆ ಬೀಳುವವರೆಗೂ ನನ್ನ ಸ್ಟೂಲಿನ ಹಿಂದೆ ನಿಂತು ನೋಡುತ್ತಿದ್ದರು. ವಾರಕ್ಕೆ ನಾಲ್ಕು ಆಟ. ಹತ್ತೊಂಬತ್ತು ವರ್ಷ. ಲೆಕ್ಕ ನೀವೇ ಹಾಕಿಕೊಳ್ಳಿ.

ಮುಖ್ಯ ನಟರನ್ನು ನಾವೆಲ್ಲ ನ್ಯಾಯಾಧೀಶರು ಎಂದೇ ಕರೆಯುತ್ತಿದ್ದೆವು; ಅಂಗಡಿಯವರೂ ಹಾಗೇ ಕರೆಯುತ್ತಿದ್ದರು. ಅರವತ್ತೈದರ ಗಟ್ಟಿ ಮನುಷ್ಯ, ಒಳ್ಳೆಯವರು. ಅವರಿಗೆ ಒಂದು ದಿನ ನೆಗಡಿಯಾದರೆ ಸಾಕಿತ್ತು, ಭಾವನ ಬಾಳು ಬೆಳಗುತ್ತಿತ್ತು. ಆದರೆ ಆ ನೆಗಡಿಯಾಗದಂತೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದವರು ಯಾರು? ನಮ್ಮ ಭಾವ! ಇಂಟರ್‌ವಲ್‌ನಲ್ಲಿ ಬಿಸಿನೀರು ತರುವವರು ಅವರು, ಬಾಗಿಲ ಸಂದಿಯಲ್ಲಿ ಗಾಳಿ ಬರುತ್ತದೆ ಎಂದು ಬಟ್ಟೆ ತುರುಕುವವರು ಅವರು, ಮಫ್ಲರ್ ಮರೆತು ಹೊರಟರೆ ಬಸ್‌ಸ್ಟಾಪಿನವರೆಗೆ ಓಡುವವರೂ ಅವರೇ. ಅಕ್ಕ ಒಮ್ಮೆ ತಡೆಯಲಾರದೆ, ‘ರೀ, ಅವರನ್ನ ಇಷ್ಟು ಚೆನ್ನಾಗಿ ನೋಡ್ಕೊಂಡ್ರೆ ನಿಮ್ಮ ಸರದಿ ಬರೋದು ಯಾವಾಗ?’ ಎಂದು ಕೇಳಿದಳು. ‘ನೋಡ್ಕೊಳ್ದೆ ಬಂದ್ರೆ ಅದು ಸರದಿನಾ?’ ಎಂದರು ಭಾವ. ಅಕ್ಕ ಸೌಟು ಕೆಳಗಿಟ್ಟು ಹಿತ್ತಲಿಗೆ ಹೋದಳು. ಗಂಡ ರಂಗದ ಮೇಲೆ ಬರುವ ದಿನವೇ ತಾನೂ ಆ ನಾಟಕ ನೋಡುವುದು ಎಂದು ಅವಳು ಹಟ ತೊಟ್ಟಿದ್ದಳು. ಹಾಗಾಗಿ ಊರೆಲ್ಲ ನೋಡಿದ ನಾಟಕವನ್ನು ನೋಡದೆ ಉಳಿದವಳು ಅವಳೊಬ್ಬಳೇ.

ಬದಲಿಯವರಿಗೆ ನಮ್ಮಲ್ಲಿ ಕಲಿಸುವ ಪಾಠ ಒಂದೇ: ಮುಖ್ಯ ನಟರು ಹೇಗೋ ಹಾಗೆ. ಅದಕ್ಕೆ ಕಾರಣವೂ ಉಂಟು. ಒಬ್ಬರ ನಡೆ ನೋಡಿ ಇನ್ನೊಬ್ಬರು ಮಾತು ಎತ್ತುತ್ತಾರೆ, ಅವರ ಕೈ ನೋಡಿ ಲೈಟಿನವನು ಬೆಳಕು ಬಿಡುತ್ತಾನೆ. ಒಂದು ಹೆಜ್ಜೆ ತಪ್ಪಿದರೆ ಎಲ್ಲರದೂ ತಪ್ಪುತ್ತದೆ. ಭಾವ ಈ ಪಾಠವನ್ನು ಕಲಿತ ಹಾಗೆ ಇನ್ಯಾರೂ ಕಲಿತಿಲ್ಲ. ‘ಬದಲಿ ಆದೋನು ಪಾತ್ರ ಮಾಡಲ್ಲಮ್ಮ, ಪಾತ್ರ ಮಾಡೋರನ್ನ ಮಾಡ್ತಾನೆ’ ಎನ್ನುತ್ತಿದ್ದರು. ನ್ಯಾಯಾಧೀಶರು ಉಸಿರು ತೆಗೆದುಕೊಳ್ಳುವ ಜಾಗ, ಕನ್ನಡಕ ಸರಿಮಾಡಿಕೊಳ್ಳುವ ಬೆರಳು, ಎಲ್ಲ ಅವರ ತಲೆಯಲ್ಲಿತ್ತು.

ನಾಟಕದ ಜೀವ ಇರುವುದು ಕೊನೆಯ ಅಂಕದಲ್ಲಿ. ತನ್ನನ್ನು ಸಾಕಿ ಓದಿಸಿದ ಅಣ್ಣನಿಗೇ ಶಿಕ್ಷೆ ವಿಧಿಸಬೇಕಾದ ನ್ಯಾಯಾಧೀಶ ತನ್ನ ಕುರ್ಚಿಯಿಂದೆದ್ದು, ಕಟಕಟೆಯಲ್ಲಿ ನಿಂತ ಅಣ್ಣನ ಹತ್ತಿರ ಒಂಬತ್ತು ಹೆಜ್ಜೆ ನಡೆದು ಬರುತ್ತಾನೆ. ಬಂದು, ‘ಈ ಕುರ್ಚಿಗೆ ಬಂಧುಗಳಿಲ್ಲ’ ಎನ್ನುತ್ತಾನೆ. ನಾಲ್ಕು ವರ್ಷದ ಹಿಂದೆ ನ್ಯಾಯಾಧೀಶರಿಗೆ ಮಂಡಿನೋವು ಬಂತು. ಆ ಒಂಬತ್ತು ಹೆಜ್ಜೆಯನ್ನು ಅವರು ಮೇಜಿನ ಅಂಚು ಹಿಡಿದು, ಎಡಗಾಲು ಎಳೆಯುತ್ತ ನಡೆಯತೊಡಗಿದರು. ಲೈಟಿನವನು ಬೆಳಕನ್ನು ಅದಕ್ಕೆ ತಕ್ಕಂತೆ ನಿಧಾನ ಮಾಡಿಕೊಂಡ. ಅದೇ ವರ್ಷ ಒಂದು ಸಂಜೆ ಅವರು ಆ ಮಾತನ್ನೂ ಮರೆತು, ಕೈಯಲ್ಲಿದ್ದ ಪೆನ್ನಿನಿಂದ ಕಟಕಟೆಯ ಮೇಲೆ ಎರಡು ಸಲ ತಟ್ಟಿ ನನ್ನ ಕಡೆ ನೋಡಿದರು. ನಾನು ಎತ್ತಿಕೊಟ್ಟೆ. ಮರುದಿನವೂ ತಟ್ಟಿದರು, ನಾನು ಮರುದಿನವೂ ಎತ್ತಿಕೊಟ್ಟೆ. ಆಮೇಲೆ ತಟ್ಟುವುದು ಅವರ ಅಭ್ಯಾಸವಾಯಿತು, ಎತ್ತಿಕೊಡುವುದು ನನ್ನದಾಯಿತು. ಜನ ಅವರ ಮೇಲಿನ ಪ್ರೀತಿಗೆ ಎಲ್ಲವನ್ನೂ ನುಂಗಿಕೊಂಡರು. ಯಾರೂ ಅವರಿಗೆ ಏನೂ ಹೇಳಲಿಲ್ಲ. ಹೇಳದವರಲ್ಲಿ ನಾನೂ ಒಬ್ಬಳು.

ಈ ವರ್ಷ ಕೊನೆಗೂ ನ್ಯಾಯಾಧೀಶರ ಗಂಟಲು ಕೈಕೊಟ್ಟಿತು. ಹದಿನೈದು ದಿನ ಒಂದಕ್ಷರವೂ ಮಾತಾಡಕೂಡದು ಎಂದರು ಡಾಕ್ಟರು. ಮ್ಯಾನೇಜರ್ ಭಾವನನ್ನು ಆಫೀಸಿಗೆ ಕರೆಸಿದರು. ನಾನು ಬಾಗಿಲಲ್ಲೇ ನಿಂತಿದ್ದೆ.

‘ನೋಡ್ರಿ, ಎಂಟು ಆಟ ನಿಮ್ಮದು,’ ಎಂದರು ಮ್ಯಾನೇಜರ್. ‘ಇನ್ನೊಂದು ವಿಷಯ, ನಿಮ್ಮಲ್ಲೇ ಇರಲಿ. ಅವರಿಗೆ ವಯಸ್ಸಾಯ್ತು. ಆ ಕಾಲು, ಆ ಮರೆವು… ಹೊಸ ಸೀಸನ್ನಿಗೆ ನ್ಯಾಯಾಧೀಶರನ್ನ ಬದಲಾಯಿಸಬೇಕು ಅಂತಿದ್ದೀನಿ. ಕೊನೆ ಆಟಕ್ಕೆ ನಾನೇ ಮುಂದಿನ ಸಾಲಲ್ಲಿ ಕೂತು ನೋಡ್ತೀನಿ. ಚೆನ್ನಾಗಿದ್ರೆ ಪಾತ್ರ ನಿಮ್ಮದೇ, ಕಾಯಂ.’

ಭಾವ ಕೈಮುಗಿದು ಹೊರಬಂದರು. ಮೆಟ್ಟಿಲಿಳಿಯುವಾಗ ಅವರ ಮುಖ ನೋಡಿ ನನಗೆ ಅಳು ಬಂತು. ಐವತ್ತೆರಡು ವರ್ಷದ ಮನುಷ್ಯ ಬದುಕಿನಲ್ಲಿ ಕೇಳಿದ್ದೇ ಅದೊಂದು ಪಾತ್ರವನ್ನು.

ಮೊದಲ ಆಟದ ದಿನ ಬಾಗಿಲಲ್ಲಿ ಬೋರ್ಡು ಹಾಕಿದರು: ‘ಇಂದು ನ್ಯಾಯಾಧೀಶರಾಗಿ ಬದಲಿ ಕಲಾವಿದರು’. ಹೆಸರು ಬರೆಯಲು ಜಾಗ ಸಾಲದೇ ಹೋಯಿತಂತೆ. ಅಕ್ಕ ಇದ್ದುದರಲ್ಲಿ ಒಳ್ಳೆಯ ಸೀರೆಯುಟ್ಟು ನಾಲ್ಕನೇ ಸಾಲಿನಲ್ಲಿ ಕೂತಿದ್ದಳು. ಕೊನೆಯ ಸಾಲಿನಲ್ಲಿ, ಕುತ್ತಿಗೆಗೆ ಮಫ್ಲರ್ ಸುತ್ತಿ, ಮಡಿಲಲ್ಲಿ ಮಕ್ಕಳ ಸ್ಲೇಟೊಂದನ್ನು ಇಟ್ಟುಕೊಂಡು ನ್ಯಾಯಾಧೀಶರು ಕೂತಿದ್ದರು. ಮನೆಯಲ್ಲಿ ಸುಮ್ಮನಿರಲಾಗದೆ ಬಂದಿದ್ದರು. ತಾನು ಸಾವಿರಾರು ಸಲ ಆಡಿದ ನಾಟಕವನ್ನು ಅವರು ಎದುರಿನಿಂದ ನೋಡುತ್ತಿದ್ದುದು ಅದೇ ಮೊದಲು.

ಪರದೆ ಎದ್ದಿತು. ಭಾವ ಮಾತು ಎತ್ತಿದರು ನೋಡಿ, ನನಗೆ ಮೈ ಜುಮ್ಮೆಂದಿತು. ಅದೇ ದನಿ, ಅದೇ ಗತ್ತು, ಅದೇ ಕೆಮ್ಮು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ಅಂಕ ಹೂವೆತ್ತಿದಂತೆ ಮುಗಿದವು. ಕೊನೆಯ ಅಂಕ ಬಂತು. ಕಲ್ಲಿನಂಥ ಕಾಲುಗಳಿರುವ, ದಿನಾ ನಾಲ್ಕು ಮಹಡಿ ಹತ್ತಿಳಿಯುವ ನಮ್ಮ ಭಾವ ಮೇಜಿನ ಅಂಚು ಹಿಡಿದರು, ಎಡಗಾಲು ಎಳೆದರು, ಒಂಬತ್ತು ಹೆಜ್ಜೆಯನ್ನೂ ಕುಂಟಿಕೊಂಡೇ ನಡೆದರು. ಕಟಕಟೆ ಮುಟ್ಟಿ, ಪೆನ್ನಿನಿಂದ ಎರಡು ಸಲ ತಟ್ಟಿ, ನನ್ನ ಕಡೆ ನೋಡಿದರು.

ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಆ ಮಾತು ಅವರಿಗೆ ಬರುತ್ತಿತ್ತು. ಪುಸ್ತಕ ತೆಗೆದು ತಲೆಗೆ ಎಸೆಯಬೇಕು ಅನ್ನಿಸಿತು. ಆದರೆ ಅವರು ಕಾಯುತ್ತಿದ್ದರು. ‘ಈ ಕುರ್ಚಿಗೆ ಬಂಧುಗಳಿಲ್ಲ’ ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ. ಅವರು ಅದನ್ನು ಕೃತಜ್ಞತೆಯಿಂದ ಸ್ವೀಕರಿಸಿ ದೊಡ್ಡ ದನಿಯಲ್ಲಿ ಹೇಳಿದರು.

ಆಟ ಮುಗಿದ ಮೇಲೆ ನ್ಯಾಯಾಧೀಶರು ಬಣ್ಣದ ಕೋಣೆಗೆ ಬಂದರು. ಭಾವ ಎದ್ದು ನಿಂತರು. ನ್ಯಾಯಾಧೀಶರು ಸ್ಲೇಟಿನ ಮೇಲೆ ಎರಡೇ ಪದ ಬರೆದು ತೋರಿಸಿದರು: ‘ನಾನು ಹೀಗಾ?’

‘ಒಂದು ಕೂದಲೆಳೆ ಹೆಚ್ಚುಕಮ್ಮಿ ಇಲ್ಲ ಸರ್,’ ಎಂದರು ಭಾವ, ಮುಖ ಅರಳಿಸಿಕೊಂಡು. ‘ಬೇಕಾದ್ರೆ ಇವಳನ್ನ ಕೇಳಿ.’

ನ್ಯಾಯಾಧೀಶರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಸ್ಲೇಟನ್ನು ತೋಳಿನಿಂದ ಒರೆಸಿ ಮತ್ತೆ ಬರೆದರು: ‘ಮಂಡಿನೋವು ವಾಸಿಯಾಗಿ ಮೂರು ವರ್ಷ ಆಯ್ತು.’

‘ಬಹಳ ಸಂತೋಷ ಸರ್!’ ಎಂದರು ನಮ್ಮ ಭಾವ.

ಮರುದಿನ ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಅವಳು ಬಟ್ಟೆ ಮಡಿಸುತ್ತ ಕೂತಿದ್ದಳು, ಮುಖ ಊದಿತ್ತು. ಭಾವ ಕಿಟಕಿಯ ಬಳಿ ಪೇಪರ್ ಓದುತ್ತಿದ್ದರು.

‘ಹೇಗಿತ್ತೇ ಅಕ್ಕ?’ ಎಂದೆ.

‘ಹತ್ತೊಂಬತ್ತು ವರ್ಷ ಕಾದು ನನ್ನ ಗಂಡನ್ನ ನೋಡೋಕೆ ಹೋದೆ ಕಣೇ,’ ಎಂದಳು. ‘ಇನ್ನೊಬ್ಬರ ಮಂಡಿನೋವು ನೋಡ್ಕೊಂಡು ಬಂದೆ.’

ಭಾವ ಪೇಪರ್ ಇಳಿಸಿದರು. ‘ಅಲ್ವೇ, ನಿನ್ನೆ ಒಬ್ಬರಾದ್ರೂ ಇದು ಬೇರೆ ಅಂದ್ರಾ? ಮ್ಯಾನೇಜರೇ ಹೇಳಿದ್ರು, ಕಣ್ಣು ಮುಚ್ಚಿದ್ರೂ ಅವರೇ, ತೆರೆದ್ರೂ ಅವರೇ ಅಂತ.’

‘ಅವರೇ ಬೇಕಾಗಿದ್ರೆ ಅವರನ್ನ ಯಾಕೆ ಬದಲಾಯಿಸ್ತಾರೆ ಭಾವ?’ ನನ್ನ ದನಿ ಏರಿತು. ‘ಯಾವ ಕಾಲಿಗೋಸ್ಕರ ಅವರನ್ನ ತೆಗೀಬೇಕು ಅಂತಿದ್ದಾರೋ ಅದೇ ಕಾಲನ್ನ ನೀವು ಎತ್ಕೊಂಡು ಹೋಗಿ ತೋರಿಸ್ತಿದ್ದೀರಿ. ಗಾಳಿ ಬಂದಾಗ ತೂರಿಕೊಳ್ಳೋದು ಬಿಟ್ಟು, ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೋತಿದ್ದೀರಲ್ಲ! ನೆಟ್ಟಗೆ ನಡೀರಿ. ಆ ಮಾತನ್ನ ನೀವೇ ಹೇಳಿ. ಅಷ್ಟೇ.’

ಭಾವ ಪೇಪರ್ ಮಡಿಸಿ ಪಕ್ಕಕ್ಕಿಟ್ಟರು. ಅವರಿಗೆ ಅದು ಹೊಳೆದೇ ಇರಲಿಲ್ಲ ಎಂಬುದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ‘ಅವರದ್ದು ಇನ್ನೂ ಇರೋವಾಗ ನಂದು ಅಂತ ಮಾಡೋದು… ಸರಿ ಹೋಗುತ್ತಾ?’ ಎಂದರು. ಅಕ್ಕ ಮಡಿಸಿದ ಅಂಗಿಯನ್ನು ಅವರ ಮಡಿಲಿಗೆ ಎಸೆದು, ‘ಒಂದೇ ಒಂದು ದಿನ ರೀ. ಮ್ಯಾನೇಜರ್ ನೋಡೋ ದಿನ. ನನಗೋಸ್ಕರ,’ ಎಂದಳು. ಭಾವ ಒಪ್ಪಿದರು.

ಮುಂದಿನ ಆರು ಆಟಗಳಲ್ಲೂ ಅವರು ಕುಂಟಿದರು. ನ್ಯಾಯಾಧೀಶರು ಆರಕ್ಕೆ ಆರೂ ಆಟ ಕೊನೆಯ ಸಾಲಿನಲ್ಲಿ ಕೂತು ನೋಡಿದರು. ಭಾವ ಅದನ್ನು ದೊಡ್ಡ ಮರ್ಯಾದೆ ಎಂದುಕೊಂಡು ದಿನದಿಂದ ದಿನಕ್ಕೆ ಇನ್ನೂ ಅಚ್ಚುಕಟ್ಟಾಗಿ ಕುಂಟಿದರು.

ಎಂಟನೆಯ ದಿನ ಮ್ಯಾನೇಜರ್ ಮುಂದಿನ ಸಾಲಿನಲ್ಲಿ ಕೂತರು. ಕೊನೆಯ ಅಂಕದಲ್ಲಿ ಭಾವ ಕುರ್ಚಿಯಿಂದೆದ್ದರು. ಮೇಜು ಹಿಡಿಯಲಿಲ್ಲ. ಎದೆ ನೆಟ್ಟಗೆ ಮಾಡಿ ನಡೆದೇಬಿಟ್ಟರು! ನಾನು ಸ್ಟೂಲಿನ ಮೇಲೆ ಅರ್ಧ ಎದ್ದೆ. ಒಂದು, ಎರಡು, ಮೂರು… ಅಲ್ಲೇ ಎಡವಟ್ಟಾಗಿದ್ದು. ಲೈಟಿನವನ ಕೈ ನಾಲ್ಕು ವರ್ಷದಿಂದ ಕುಂಟುಕಾಲಿಗೆ ಒಗ್ಗಿತ್ತು. ಭಾವ ಕಟಕಟೆ ತಲುಪುವಾಗ ಬೆಳಕು ಇನ್ನೂ ಮೇಜಿನ ಹತ್ತಿರವೇ ಇತ್ತು. ಖಾಲಿ ಕುರ್ಚಿ ಝಗಝಗ ಹೊಳೆಯುತ್ತಿದೆ, ನ್ಯಾಯಾಧೀಶ ಕತ್ತಲಲ್ಲಿ ನಿಂತಿದ್ದಾನೆ.

ಬೇರೆ ಯಾರೇ ಆಗಿದ್ದರೂ ಅಲ್ಲೇ ನಿಂತು ಮಾತು ಹೇಳಿಬಿಡುತ್ತಿದ್ದರು. ಎರಡು ಗಳಿಗೆಯಲ್ಲಿ ಬೆಳಕು ತಾನಾಗಿ ಬರುತ್ತಿತ್ತು. ನಮ್ಮ ಭಾವ ಹಾಗೆ ಮಾಡಲಿಲ್ಲ. ತಪ್ಪು ತನ್ನದೇ ಎಂಬಂತೆ ಕತ್ತಲಲ್ಲಿ ಹಿಂದಿರುಗಿ ಹೋಗಿ, ಮೇಜಿನ ಅಂಚು ಹಿಡಿದು, ಬೆಳಕಿನ ಜೊತೆ ಮೊದಲಿನಿಂದ ಕುಂಟಿಕೊಂಡು ಬಂದರು. ಆ ದೃಶ್ಯದಲ್ಲಿ ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಯಾರೋ ನಕ್ಕರು. ಆಮೇಲೆ ಒಂದು ಸಾಲು ನಕ್ಕಿತು. ಭಾವ ಪೆನ್ನಿನಿಂದ ಎರಡು ಸಲ ತಟ್ಟಿದರು. ಮ್ಯಾನೇಜರ್ ಕಣ್ಣು ಮುಚ್ಚಿಕೊಂಡರು.

‘ಲೈಟಿನವನಿಗೆ ಮೊದಲೇ ಹೇಳಬಾರದಿತ್ತಾ ಭಾವ?’ ಎಂದೆ, ಬಣ್ಣದ ಕೋಣೆಯಲ್ಲಿ.

‘ಹೊಳೀಲೇ ಇಲ್ಲಮ್ಮ,’ ಎಂದರು. ‘ಬೆಳಕು ಯಾವತ್ತೂ ಅವರ ಜೊತೆ ಹೋಗ್ತಿತ್ತಲ್ಲ. ನನ್ನ ಜೊತೆನೂ ಬರುತ್ತೆ ಅಂದ್ಕೊಂಡೆ.’

ಬೈಯಬೇಕೆಂದು ಬಂದವಳು ಅವರ ನಿಲುವಂಗಿ ಮಡಿಸಿಟ್ಟು ಹೊರಗೆ ಹೋದೆ.

ಮುಂದಿನ ಬುಧವಾರ ನ್ಯಾಯಾಧೀಶರು ಹಿಂದಿರುಗಿದರು. ಭಾವ ಎಂದಿನಂತೆ ವೇಷ ಹಾಕಿ ನನ್ನ ಹಿಂದೆ ನಿಂತಿದ್ದರು. ಕೊನೆಯ ಅಂಕದಲ್ಲಿ ನ್ಯಾಯಾಧೀಶರು ಎದ್ದರು, ಮೇಜು ಮುಟ್ಟದೆ, ತೂಕವಾಗಿ, ನೆಟ್ಟಗೆ ಒಂಬತ್ತು ಹೆಜ್ಜೆ ನಡೆದರು. ಬೆಳಕು ನೆರಳಿನ ಹಾಗೆ ಜೊತೆಗೇ ಬಂತು. ಎರಡು ದಿನ ಬೆಳಿಗ್ಗೆ ಲೈಟಿನವನ ಜೊತೆ ಕೂತು ಅಭ್ಯಾಸ ಮಾಡಿದ್ದರಂತೆ. ನಾನು ಸಾಲಿನ ಮೇಲೆ ಬೆರಳಿಟ್ಟು, ಬಾಯಿ ತೆರೆದು ಕಾದೆ. ಪೆನ್ನು ತಟ್ಟಲಿಲ್ಲ. ಅಣ್ಣನ ಕಣ್ಣನ್ನೇ ನೋಡುತ್ತ, ಬಹಳ ಮೆಲ್ಲಗೆ, ‘ಈ ಕುರ್ಚಿಗೆ ಬಂಧುಗಳಿಲ್ಲ’ ಎಂದರು. ಮುಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಪರದೆ ಬಿದ್ದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಬೆನ್ನ ಹಿಂದೆ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವರು ಯಾರೆಂದು ಬೇರೆ ಹೇಳಬೇಕಿಲ್ಲ.

ಮ್ಯಾನೇಜರ್ ಅಂದೇ ನ್ಯಾಯಾಧೀಶರ ಮುಂದೆ ಇನ್ನು ಮೂರು ವರ್ಷದ ಒಪ್ಪಂದ ಇಟ್ಟರು. ಭಾವನಿಗೆ, ‘ಮೂಲಪ್ರತಿನೇ ಇಷ್ಟು ಚೆನ್ನಾಗಿರೋವಾಗ ನಕಲು ಯಾಕ್ರಿ?’ ಎಂದು ಬೆನ್ನು ತಟ್ಟಿ ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ತುತ್ತನ್ನು ಕೈಯಾರೆ ಇನ್ನೊಬ್ಬರ ಬಾಯಿಗಿಟ್ಟು ಬಂದಿದ್ದರು ಇವರು. ‘ಹೊಟ್ಟೆ ಉರಿಯಲ್ವಾ ಭಾವ?’ ಎಂದೆ. ‘ಉರಿಯುತ್ತಮ್ಮ,’ ಎಂದರು. ‘ಆದ್ರೆ ಐದನೇ ಹೆಜ್ಜೆ ನೋಡಿದ್ಯಾ? ಅಬ್ಬಾ! ಅದನ್ನ ಕಲಿಯೋಕೆ ನನಗೆ ಎರಡು ತಿಂಗಳು ಬೇಕು.’ ಅವತ್ತು ಮನೆಗೆ ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತರು ಎಂದು ಅಕ್ಕ ಹೇಳಿದಳು. ನೀರಿನ ಸದ್ದಿಗೆ ಅಳು ಕೇಳಿಸುವುದಿಲ್ಲ ಎಂದುಕೊಂಡಿದ್ದರು, ಪಾಪ.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ನ್ಯಾಯಾಧೀಶರು ಒಳ್ಳೆಯವರು ಎಂದೆನಲ್ಲ, ಅವರು ಮ್ಯಾನೇಜರರ ಆಫೀಸಿಗೆ ಹೋಗಿ ಕೂತರು. ಬುಧವಾರ ಮಧ್ಯಾಹ್ನದ ಆಟ ಇನ್ನು ಮುಂದೆ ಭಾವನಿಗೆ ಬಿಟ್ಟುಕೊಡಬೇಕು, ಬೋರ್ಡಿನಲ್ಲಿ ಅವರ ಹೆಸರನ್ನೇ ಬರೆಸಬೇಕು, ಇಲ್ಲದಿದ್ದರೆ ತಾನು ಒಪ್ಪಂದಕ್ಕೆ ಸಹಿ ಹಾಕುವುದಿಲ್ಲ ಎಂದರು. ಮ್ಯಾನೇಜರ್ ಗೊಣಗಿಕೊಂಡು ಒಪ್ಪಿದರು. ಆಮೇಲೆ ನ್ಯಾಯಾಧೀಶರು ನೇರ ಭಾವನ ಬಳಿಗೆ ಬಂದರು.

‘ಒಂದೇ ಷರತ್ತು ಕಣ್ರಿ. ನನ್ನ ಥರ ಮಾಡಬಾರದು. ನಿಮ್ಮ ಥರ ಮಾಡಬೇಕು. ಸೋಮವಾರ ಬೆಳಿಗ್ಗೆ ಬನ್ನಿ, ನಾನು ನೋಡ್ತೀನಿ. ಸರಿಯಾಗಿದ್ರೆ ಆ ಬುಧವಾರದಿಂದಲೇ ಶುರು.’

ಸೋಮವಾರ ಬೆಳಿಗ್ಗೆ ಖಾಲಿ ನಾಟಕಶಾಲೆಯಲ್ಲಿ ನಾವು ನಾಲ್ವರೇ. ಮೂರನೆಯ ಸಾಲಿನಲ್ಲಿ ನ್ಯಾಯಾಧೀಶರು, ಅವರ ಹಿಂದೆ ಅಕ್ಕ ಮತ್ತು ನಾನು. ಕಿಟಕಿಗಳನ್ನು ತೆರೆದಿದ್ದರು; ಹಗಲ ಬೆಳಕಿನಲ್ಲಿ ರಂಗದ ಮೇಜು ಬರೀ ಹಳೆಯ ಮೇಜಾಗಿ ಕಾಣುತ್ತಿತ್ತು. ವೇಷವಿಲ್ಲ, ಬಣ್ಣವಿಲ್ಲ. ಭಾವ ಮನೆಯಂಗಿಯಲ್ಲೇ ಕುರ್ಚಿಯಿಂದೆದ್ದು ನಡೆದರು. ಎಡಗಾಲು ಎಳೆಯಿತು.

‘ಅದು ನನ್ನ ಹಳೇದು,’ ಎಂದರು ನ್ಯಾಯಾಧೀಶರು. ‘ನಿಮ್ಮದು ತೋರಿಸಿ.’

ಭಾವ ಹಿಂದಿರುಗಿ ಹೋಗಿ ಮತ್ತೆ ಎದ್ದರು. ಈ ಸಲ ತೂಕವಾಗಿ, ನೆಟ್ಟಗೆ ಬಂದರು. ಆ ಐದನೆಯ ಹೆಜ್ಜೆ ಕೂಡ ಸರಿಯಾಗಿ ಬಿತ್ತು.

‘ಇದು ಹೊಸದು. ಇದೂ ನಂದೇ ಕಣ್ರಿ.’

ಮೂರನೆಯ ಸಲ ಭಾವ ಎದ್ದರು, ಕಾಲು ಮುಂದಿಟ್ಟರು, ಹಿಂದಕ್ಕೆ ತೆಗೆದರು. ಇನ್ನೊಂದು ಕಾಲು ಇಟ್ಟು ನೋಡಿದರು. ಹಣೆಯ ಮೇಲೆ ಬೆವರು. ಕೊನೆಗೆ ರಂಗದ ಅಂಚಿಗೆ ಬಂದು ಕೈಕಟ್ಟಿ ನಿಂತರು.

‘ತಪ್ಪು ತಿಳ್ಕೋಬೇಡಿ ಸರ್,’ ಎಂದರು. ‘ನಾನು ಹೇಗೆ ನಡೀತೀನಿ?’

ನಮ್ಮಲ್ಲಿ ಯಾರಿಗೂ ನಗು ಬರಲಿಲ್ಲ. ನ್ಯಾಯಾಧೀಶರು ಎದ್ದು, ರಂಗವೇರಿ, ‘ನೀವು ಕೆಳಗೆ ಕೂತ್ಕೊಳ್ಳಿ’ ಎಂದರು. ಭಾವ ಬಂದು ನನ್ನ ಪಕ್ಕ ಕೂತರು. ಅಲ್ಲಿ ಮೇಲೆ ಆ ದೊಡ್ಡ ನಟ ಭುಜಗಳನ್ನು ಸ್ವಲ್ಪ ಒಳಗೆ ಎಳೆದುಕೊಂಡರು. ಸಣ್ಣ ಸಣ್ಣ ಹೆಜ್ಜೆ, ಆದರೆ ಬೇಗ. ತಲೆ ತುಸು ಓರೆ, ಯಾರಾದರೂ ಕರೆದರೆ ತಕ್ಷಣ ಓಗೊಡುವವನ ಹಾಗೆ. ನಡುವೆ ಒಂದು ಕಡೆ, ಎದುರಿಗೆ ಯಾರೂ ಇಲ್ಲದಿದ್ದರೂ, ಪಕ್ಕಕ್ಕೆ ಸರಿದು ದಾರಿ ಬಿಟ್ಟು ಮುಂದೆ ನಡೆದರು. ಅಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ‘ಇವರೇ ಕಣೇ,’ ಎಂದಳು. ‘ಥೇಟ್ ನನ್ನ ಗಂಡ.’

ಭಾವ ರೆಪ್ಪೆ ಬಡಿಯದೆ ನೋಡುತ್ತಿದ್ದರು. ನಡಿಗೆ ಮುಗಿದು ನ್ಯಾಯಾಧೀಶರು ಕಟಕಟೆಯ ಬಳಿ ನಿಂತಾಗ ಇವರು ಎದ್ದು ಕೈ ಮೇಲೆತ್ತಿದರು.

‘ಇನ್ನೊಂದ್ಸಲ ಮಾಡಿ ತೋರಿಸ್ತೀರಾ ಸರ್? ಎಡಗೈ ಎಲ್ಲಿತ್ತು ಅಂತ ಸರಿಯಾಗಿ ಕಾಣಲಿಲ್ಲ.’